ಅಜ್ಜಿ ತಳ್ಳಿದ ಮೋಟುಗೋಡೆ

ಹೆಂಡತಿ ತೀರಿಕೊಂಡ ಮೇಲೆ ನಾನು ಹಿಡಿದ ಮೊದಲ ಗಾರೆ ಕೆಲಸ ಭರಮಸಾಗರದ ಒಂದು ಮನೇಲಿ. ನಡುಮನೆಗೂ ಅಡುಗೆಮನೆಗೂ ಮಧ್ಯ ಮೋಟುಗೋಡೆ ಕಟ್ಟಬೇಕಿತ್ತು. ಆ ಮನೆ ಅಜ್ಜಿಗೆ ಮಂಡಿನೋವು. ಆ ಗೋಡೇನ ಹಿಡ್ಕಂಡು ಓಡಾಡಬೇಕು. ಗೋಡೆ ಅಲ್ಲಾಡಿದ್ರೆ ಅಜ್ಜಿ ಬೀಳ್ತಾಳೆ.

ಪಕ್ಕದ ಹಳೇ ಗೋಡೇನ ಅಲ್ಲಲ್ಲಿ ಒಡೆದು ಹೊಸ ಇಟ್ಟಿಗೇನ ಅದರೊಳಗೆ ಕಚ್ಚಿಸಿದೆ. ಆಸರೆ ಇಲ್ಲದ ಇನ್ನೊಂದು ತುದೀಲಿ ಕಬ್ಬಿಣ ನಿಲ್ಲಿಸಿ ಕಾಂಕ್ರೀಟ್ ಹಾಕಿದೆ. ನೀರು ಹೊಡೆದಿದ್ದೂ ಆಯ್ತು, ಗೋಡೆ ಒಣಗಿದ್ದೂ ಆಯ್ತು. ಆದ್ರೂ ಮುಗೀತು ಅನ್ನಾಕೆ ಬಾಯಿ ಬರಲಿಲ್ಲ. ಸುಮ್ನೆ ಕರಣೆ ಒರೆಸ್ತಾ ಕುಂತೆ.

"ಇನ್ನೇನಪ್ಪ ಬಾಕಿ?" ಅಂದಳು ಅಜ್ಜಿ.

"ನಾನು ಕಟ್ಟಿದ್ದನ್ನ ನಮ್ಮನೆಯಾಕೆ ಸೊಂಟ ಕೊಟ್ಟು ತಳ್ಳಿ ನೋಡೋಳು ಅವ್ವ. ಈಗ ಅವಳಿಲ್ಲ."

"ನೀನೇ ತಳ್ಳು."

"ಕಟ್ಟಿದೋನು ಮೆತ್ತಗೆ ತಳ್ತಾನೆ ಅನ್ನೋಳು."

ಅಜ್ಜಿ ನಕ್ಕಳು. ಸೆರಗು ಸಿಕ್ಕಿಸಿ, ಸೊಂಟ ಕೊಟ್ಟು ಜೋರಾಗಿ ಒತ್ತಿದಳು. ಬಿದ್ದರೆ ಹಿಡಿಯಾಣ ಅಂತ ನಾನು ಕೈ ಚಾಚಿ ನಿಂತೆ. ಗೋಡೆ ಮಿಸುಕಲಿಲ್ಲ.

"ನಾನೇ ಸರಿದೆ, ಇದು ಸರೀಲಿಲ್ಲ. ಆದ್ರೆ ಲೇ, ಆ ಮೂಲೆ ಸೊಟ್ಟ ಐತೆ!"

ನನ್ನ ಎದೆ ಹಗುರಾಯ್ತು. ನಮ್ಮನೆಯಾಕೆನೂ ತಳ್ಳಿ ನೋಡಿ, ಪ್ರತಿ ಗೋಡೆಗೂ ಇದೇ ಮಾತು ಅನ್ನೋಳು.

ಅಜ್ಜಿ ಒಳಗೆ ಹೋದ ಮೇಲೆ ತೂಗುಗುಂಡು ಬಿಟ್ಟು ನೋಡಿದೆ. ಮೂಲೆ ನೆಟ್ಟಗೇ ಇತ್ತು. ಅಜ್ಜಿಗೆ ಹೇಳಲಿಲ್ಲ. ನಮ್ಮನೆಯಾಕೆಗೂ ಯಾವತ್ತೂ ಹೇಳಿರಲಿಲ್ಲ.