ಎರಡನೇ ಮಹಡಿಯ ದಪ್ಪಕ್ಷರಗಳು

ಬೆಳಗಿನ ಪಾಳಿಯ ಆಯಾಳಿಗೆ ಅವಸರಮ್ಮ ಎಂದು ಹೆಸರಿಟ್ಟವರು ವೃದ್ಧಾಶ್ರಮದ ಎರಡನೇ ಮಹಡಿಯ ಅಜ್ಜಿಯರು. ಹಲ್ಲುಜ್ಜಿಸುವುದು, ತಲೆ ಬಾಚುವುದು, ಹಾಸಿಗೆ ಬದಲಿಸುವುದು, ಎಲ್ಲ ಒಂದೇ ಉಸಿರಿಗೆ. ಬಾಚಣಿಗೆ ಕೂದಲಿಗೆ ಸಿಕ್ಕಿ ಅಜ್ಜಿ "ಅಯ್ಯೋ" ಎನ್ನುವಷ್ಟರಲ್ಲಿ ಇವಳು ಪಕ್ಕದ ಮಂಚಕ್ಕೆ ಹೋಗಿ ಆಗಿರುತ್ತಿತ್ತು. ಕೆಟ್ಟವಳಲ್ಲ, ಮಾರಾಯರೇ. ಆದರೆ ಕೆಲಸ ಮುಗಿಸುವುದರ ಮೇಲೆ ಅವಳಿಗಿದ್ದ ಪ್ರೀತಿ ಕೆಲಸದ ಮೇಲೆ ಅಷ್ಟಾಗಿ ಇರಲಿಲ್ಲ.

ಹಜಾರದ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅಜ್ಜ ಅಜ್ಜಿಯರ ಮನೆಯವರು ಏನಾದರೂ ತಿಳಿಸಬೇಕಾದರೆ ಅದರೊಳಗಿನ 'ಬೋರ್ಡಿ'ಗೆ ಬರೆಯುತ್ತಿದ್ದರು. ಮಾತ್ರೆ ಬದಲಾಗಿದೆ, ಸ್ವೆಟರ್ ಕಳಿಸಿದ್ದೇವೆ, ಭಾನುವಾರ ಬರುತ್ತೇವೆ, ಇಂಥವೇ. ಹೊಸದಾಗಿ ಬಂದದ್ದು ದಪ್ಪಕ್ಷರದಲ್ಲಿ ಕಾಣುತ್ತದೆ, ತೆರೆದು ನೋಡಿದರೆ ತೆಳ್ಳಗಾಗುತ್ತದೆ. ಮಹಡಿಗೊಂದೇ ಹೆಸರು, ಒಂದೇ ಪಾಸ್‌ವರ್ಡ್. ಆದ್ದರಿಂದ ಬೆಳಗಿನ ಆಯಾ ತೆರೆದ ಓಲೆ ಮಧ್ಯಾಹ್ನದ ಆಯಾಳಿಗೂ ತೆಳ್ಳಗೇ ಕಾಣುತ್ತಿತ್ತು.

ಮಧ್ಯಾಹ್ನದ ಪಾಳಿ ದೊಡ್ಡಕ್ಕನದು. ವಯಸ್ಸಿನಲ್ಲೂ ಗಾತ್ರದಲ್ಲೂ ದೊಡ್ಡಕ್ಕನೇ. ಅವಳದೊಂದು ಪದ್ಧತಿ: ಹೇಳಿದ ಕೆಲಸ ಮಾಡಿ ಮುಗಿಸುವ ತನಕ ಆ ಓಲೆಯನ್ನು ತೆರೆಯುತ್ತಲೇ ಇರಲಿಲ್ಲ. ತಲೆಬರಹ ನೋಡಿ, ಬರೆದವರಿಗೆ ಫೋನು ಮಾಡಿ ಕೇಳಿಕೊಂಡು, ಕೆಲಸ ಮಾಡಿ ಬಂದು ಆಮೇಲೆ ತೆರೆಯುವುದು. "ದಪ್ಪಗಿದ್ರೆ ಕಣ್ಣಿಗೆ ಚುಚ್ತಾ ಇರುತ್ತೆ ಕಣೇ, ಮರೆಯಲ್ಲ" ಎನ್ನುತ್ತಿದ್ದಳು. ಮೇಲ್ವಿಚಾರಕಿಗೆ ಇದು ಸೋಮಾರಿತನವಾಗಿ ಕಾಣುತ್ತಿತ್ತು. "ಅವಸರಮ್ಮನ ಪಾಳಿ ನೋಡು, ಒಂದು ದಪ್ಪಕ್ಷರ ಉಳಿದಿರಲ್ಲ" ಎಂದು ಎಲ್ಲರೆದುರು ಹೇಳುತ್ತಿದ್ದಳು. ಅವಸರಮ್ಮ ಉಬ್ಬಿಹೋಗುತ್ತಿದ್ದಳು. ಉಳಿಯದೇ ಇರುವುದಕ್ಕೆ ಕಾರಣ ಬೋರ್ಡಿನ ತಳದಲ್ಲಿದ್ದ ಒಂದು ಗುಂಡಿ: 'ಎಲ್ಲ ಓದಿಯಾಯಿತು'. ಒಮ್ಮೆ ಒತ್ತಿದರೆ ಸಾಕು, ಗುಡಿಸಿ ಒರೆಸಿದ ಹಾಗೆ ಬೋರ್ಡು ಲಕಲಕ.

ಮಗಳಿಗೆ ಶಾಲೆಯ ಶೂ ಕೊಳ್ಳಬೇಕಾಗಿದ್ದ ದಿನ ಪಾಳಿ ಮುಗಿಯುವ ಹೊತ್ತಿಗೆ ಬೋರ್ಡಿನಲ್ಲಿ ನಾಲ್ಕಾರು ದಪ್ಪ ಸಾಲುಗಳಿದ್ದವು. ಅವಸರಮ್ಮ ಗುಂಡಿ ಒತ್ತಿದಳು. ಎದುರು ಬಂದ ದೊಡ್ಡಕ್ಕನಿಗೆ "ಏನೂ ಬಾಕಿ ಇಲ್ಲ ಅಕ್ಕ" ಎಂದು ಮೆಟ್ಟಿಲಿಳಿದಳು.

ಬಾಕಿ ಇತ್ತು. ಟೀಚರಜ್ಜಿಯ ಮಗ ಹಡಗಿನ ಅಡುಗೆಯವನು. ಹಡಗು ಆ ಸಂಜೆ ಮಾತ್ರ ದಡದಲ್ಲಿ ನಿಲ್ಲುತ್ತದೆ, ಐದು ಗಂಟೆಗೆ ವೀಡಿಯೊ ಕಾಲ್ ಮಾಡುತ್ತೇನೆ, ಅಮ್ಮನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಕಿವಿಯ ಮಿಷನ್ ಹಾಕಿರಿ ಎಂದು ಬರೆದಿದ್ದ. ಐದು ಗಂಟೆಗೆ ಹಜಾರದಲ್ಲಿ ಕಂಪ್ಯೂಟರ್ ಹೊಡೆದುಕೊಂಡೇ ಹೊಡೆದುಕೊಂಡಿತು. ದೊಡ್ಡಕ್ಕ ಕೊನೆಯ ಕೋಣೆಯಲ್ಲಿ ಒಬ್ಬ ಅಜ್ಜನಿಗೆ ಸ್ನಾನ ಮಾಡಿಸುತ್ತಿದ್ದಳು. ಟೀಚರಜ್ಜಿ ಮಿಷನ್ ತೆಗೆದಿಟ್ಟು ಕಿಟಕಿಯ ಬಳಿ ತೂಕಡಿಸುತ್ತಿದ್ದಳು. ಹಡಗು ಹೊರಟುಹೋಯಿತು.

ಮರುದಿನ ಮಗ ಬರೆದ ಸಿಟ್ಟಿನ ಓಲೆ ಹಿಡಿದು ಮೇಲ್ವಿಚಾರಕಿ ಇಬ್ಬರನ್ನೂ ಕರೆಸಿದಳು. "ಓದಿದ ಗುರುತಿದೆ. ಸಂಜೆ ಇದ್ದವಳು ನೀನು. ಓದಿ ಸುಮ್ನಿದ್ಯಾ?" ಎಂದು ದೊಡ್ಡಕ್ಕನನ್ನು ಕೇಳಿ, ಅವಸರಮ್ಮನ ಕಡೆ ತಿರುಗಿದಳು. "ಪಾಳಿ ಬಿಡುವಾಗ ನೀನು ಇವಳಿಗೆ ಹೇಳಿದ್ಯಾ?"

ಅವಸರಮ್ಮ ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ಅಂದಳು: "ಹೇಳಿರ್ತಾಳೆ ಅಮ್ಮಾ. ನಾನೇ ಮರೆತಿರ್ತೀನಿ."

ಆಗಲೇ ಹೇಳಿಬಿಡಬೇಕಿತ್ತು. ಎರಡು ಮಾತು, ಅಷ್ಟೇ! ಅವಸರಮ್ಮ ನೆಲ ನೋಡಿದಳು. ಜೀವನದಲ್ಲಿ ಎಲ್ಲದಕ್ಕೂ ಮುನ್ನುಗ್ಗುವ ಹೆಂಗಸು ಇದೊಂದಕ್ಕೆ ತಡಮಾಡಿದಳು.

ದೊಡ್ಡಕ್ಕ ಟೀಚರಜ್ಜಿಯ ಕಾಲು ಮುಟ್ಟಿ ತಪ್ಪಾಯಿತು ಎಂದು ಅತ್ತಳು. ಆಮೇಲಿಂದ ಅವಳು ಅವಳಾಗಿ ಉಳಿಯಲಿಲ್ಲ. ಮಾತ್ರೆ ಕೊಟ್ಟು ಬಂದು, "ಕೊಟ್ನಾ?" ಎಂದು ಮತ್ತೆ ಹೋಗಿ ಕೇಳುತ್ತಿದ್ದಳು. ಮಗನ ಹೆಸರನ್ನೇ ಮರೆತ ಮುದುಕರನ್ನು ದಿನಾ ತೊಳೆದು ಒರೆಸುವವಳಿಗೆ ಮರೆವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಮಧ್ಯಾಹ್ನ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಸರಮ್ಮನ ಕೈ ಹಿಡಿದುಕೊಂಡಳು. "ಓದಿದ್ದು ಒಂಚೂರೂ ನೆನಪಿಲ್ಲ ಕಣೇ. ಮಸುಕಾಗಿ ಕೂಡ ಇಲ್ಲ. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು."

"ವಯಸ್ಸಾದ್ಮೇಲೆ ಆಗುತ್ತೆ ಬಿಡಕ್ಕ" ಎಂದಳು ಅವಸರಮ್ಮ.

ಅಂದದ್ದು ತನ್ನದೇ ನಾಲಿಗೆ ಎಂದು ನಂಬುವುದಕ್ಕೂ ಅವಳಿಗೆ ನಾಚಿಕೆಯಾಯಿತು. ಮನೆಯಲ್ಲಿ ಮಗಳು ಹೊಸ ಶೂ ಹಾಕಿಕೊಂಡು ಕುಣಿದರೆ ಇವಳು ಆ ಕಡೆ ನೋಡಲಿಲ್ಲ. ಗಂಡ "ಏನಾಗಿದೆ ನಿಂಗೆ?" ಎಂದರೆ "ತಲೆನೋವು" ಎಂದಳು. ದಿನಾ ನಾಳೆ ಹೇಳುತ್ತೇನೆ ಎಂದುಕೊಳ್ಳುವಳು. ನಾಳೆ ಬಂದರೆ ಹೇಳುವುದು ಇನ್ನಷ್ಟು ಕಷ್ಟವಾಗಿರುತ್ತಿತ್ತು, ಯಾಕೆಂದರೆ ನಿನ್ನೆಯೂ ಹೇಳದೆ ಇದ್ದದ್ದನ್ನು ಸೇರಿಸಿ ಹೇಳಬೇಕಲ್ಲ.

ಇನ್ನೊಮ್ಮೆ ಹೀಗಾಗಬಾರದೆಂದು ಮೇಲ್ವಿಚಾರಕಿ ಕಂಪ್ಯೂಟರಿನವನನ್ನು ಕರೆಸಿದಳು. ಪಾಳಿ ಬದಲಾಗುವ ಹೊತ್ತು, ಇಬ್ಬರು ಆಯಾಗಳೂ ಅಲ್ಲೇ ಇದ್ದರು. ಅವನು ಕುರ್ಚಿಯ ತುದಿಯಲ್ಲಿ ಕೂತು ಏನೇನೋ ತೆರೆದು ನೋಡಿ ನಕ್ಕ.

"ಮೇಡಂ, ನೀವು ಓದಿದ್ದೀರೋ ಇಲ್ವೋ ಇದಕ್ಕೇನು ಗೊತ್ತು? ನಿಮ್ಮ ಮಹಡಿ ಹೆಸರಿನ ಮುಂದೆ ಒಂದು ಟೈಮ್ ಬರ್ಕೊಂಡಿರುತ್ತೆ. ಅದಕ್ಕಿಂತ ಮುಂಚೆ ಬಂದಿದ್ದೆಲ್ಲ ಓದಿದ್ದು ಅಂತ ಲೆಕ್ಕ. ಆಮೇಲೆ ಬಂದಿದ್ರಲ್ಲಿ ಒಂದೊಂದೇ ತೆರೆದ್ರೆ ಅದಕ್ಕೆ ಬೇರೆ ಗುರುತು ಇಡುತ್ತೆ. ಈ ಗುಂಡಿ ಒತ್ತಿದ್ರೆ ಆ ಟೈಮೇ ಒತ್ತಿದ ಗಳಿಗೆಗೆ ಹೋಗ್ಬಿಡುತ್ತೆ, ತೆರೀದೇ ಇದ್ದದ್ದೂ ಓದಿದ ಲೆಕ್ಕಕ್ಕೆ. ಈ ಹಡಗಿನವರ ಓಲೆ ಎಷ್ಟು ಸಲ ನೋಡಿದ್ದಾರೆ ಅಂತ ಇಲ್ಲಿದೆ. ಒಂದೇ ಸಲ. ಅದೂ ಮಾರನೇ ದಿನ, ನಿಮ್ಮ ಹೆಸರಲ್ಲಿ. ಇವರ ಮಹಡಿಲಿ ಯಾರೂ ತೆರೆದೇ ಇಲ್ಲ. ಯಾರೋ ಗುಂಡಿ ಒತ್ತಿದ್ದಾರೆ."

"ಯಾರು?"

"ಅದು ಸಿಗಲ್ಲ. ಆಮೇಲೆ ಮತ್ತೆ ಮತ್ತೆ ಒತ್ತಿದ್ದಾರಲ್ಲ, ಹಳೇ ಟೈಮ್ ಅಳಿಸಿಹೋಗಿದೆ."

ಅವಸರಮ್ಮ ಬದುಕಿಕೊಂಡಳು. ಯಾರಿಗೂ ಎಂದೂ ತಿಳಿಯುವಂತಿರಲಿಲ್ಲ.

ದೊಡ್ಡಕ್ಕ ಬಾಗಿಲ ಬಳಿ ಸೆರಗು ಹಿಂಡುತ್ತ ನಿಂತಿದ್ದಳು. "ಹಾಗಾದ್ರೆ ಅದನ್ನೂ ನಾನೇ ಒತ್ತಿರ್ತೀನಿ" ಎಂದಳು. "ಆ ಗುಂಡಿ ಎಲ್ಲಿದೆ ಅಂತಾನೂ ನಂಗೆ ಗೊತ್ತಿಲ್ಲ. ನೋಡಿ ಅಮ್ಮಾ, ಅದೂ ಮರೆತುಹೋಗಿದೆ. ನನ್ನ ಕೆಲಸದಿಂದ ಬಿಟ್ಬಿಡಿ."

"ಒತ್ತಿದ್ದು ನಾನು!"

ಅವಸರಮ್ಮನಿಗೇ ತನ್ನ ದನಿ ಜೋರಾಗಿ ಕೇಳಿಸಿತು. "ನಾನೇ ಒತ್ತಿದ್ದು. ದಿನಾ ಒತ್ತುತ್ತೀನಿ. ನಾನು ಯಾವತ್ತೂ ಪೂರ್ತಿ ಓದೇ ಇಲ್ಲ. ಅಕ್ಕ ಏನೂ ಮರೆತಿಲ್ಲ. ಮರೆಯೋಕೆ ಅವಳಿಗೆ ಗೊತ್ತೇ ಇರ್ಲಿಲ್ಲ." ನೆಲ ಬಾಯಿ ಬಿಡಬಾರದೆ ಅನ್ನಿಸಿತು.

ಮೇಲ್ವಿಚಾರಕಿ ಬೈಯಲು ಶುರುಮಾಡಿದಳು. ಅವಸರಮ್ಮನಿಗೆ ಅದೇನೂ ಕೇಳಿಸಲಿಲ್ಲ. ಅವಳು ನೋಡುತ್ತಿದ್ದದ್ದು ದೊಡ್ಡಕ್ಕನನ್ನು. ದೊಡ್ಡಕ್ಕ ಗೋಡೆ ಹಿಡಿದು ಕೆಳಗೆ ಕೂತಳು. ಆಮೇಲೆ ನಕ್ಕಳು, ಹೊಟ್ಟೆ ಕುಲುಕುವ ಹಾಗೆ. "ನನ್ ತಲೆ ಸರಿಯಾಗಿದೆ!" ಎದ್ದು ಕೋಣೆ ಕೋಣೆಗೆ ಹೋಗಿ ಹೇಳಿಬಂದಳು. ಟೀಚರಜ್ಜಿಗೆ ಕಿವಿಯ ಹತ್ತಿರ ಬಾಗಿ ಎರಡು ಸಲ ಹೇಳಿದಳು. ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಅವಸರಮ್ಮ ತಡೆದುಕೊಳ್ಳುತ್ತಿದ್ದಳೇನೋ. ಈ ಸಂತೋಷವನ್ನು ನೋಡಲು ಆಗಲಿಲ್ಲ.

ತಿರುಗಿ ಬಂದಾಗ ದೊಡ್ಡಕ್ಕನ ನಗು ನಿಂತಿತ್ತು. "ಮೊಮ್ಮಗೂನ ನನ್ನೊಬ್ಬಳ ಹತ್ರ ಬಿಡ್ಬೇಡ ಅಂತ ಸೊಸೆಗೆ ನಾನೇ ಹೇಳಿದೀನಿ ಕಣೇ" ಎಂದಳು. "ಎಲ್ಲಾದ್ರೂ ಮರೆತು ಬಂದುಬಿಟ್ರೆ ಅಂತ. ಅವಳು 'ಹಾಗನ್ಬೇಡಿ ಅತ್ತೆ' ಅಂತಾಳೇನೋ ಅಂದ್ಕೊಂಡಿದ್ದೆ. ಅನ್ಲಿಲ್ಲ. ಈಗ ನಾನು ಹೇಳಿದ್ರೆ ನಂಬ್ತಾಳಾ? ನೀನು ಬಂದು ಹೇಳು."

ದೊಡ್ಡಕ್ಕನ ಪಾಳಿ ಮುಗಿದ ಮೇಲೆ ಇಬ್ಬರೂ ಅವಳ ಮನೆಗೆ ಹೊರಟರು. ಮನೆ ಬಾಗಿಲು ತೆರೆದವಳು ಸೊಸೆಯೇ, ಸೊಂಟದ ಮೇಲೆ ಮಗು. ಅಜ್ಜಿಯನ್ನು ಕಂಡು ಅದು ಇಷ್ಟಗಲ ನಕ್ಕಿತು. ದೊಡ್ಡಕ್ಕ ಅಭ್ಯಾಸಬಲದಿಂದ ಕೈ ಚಾಚಿದಳು. ಸೊಸೆ ಮಗುವನ್ನು ಸೊಂಟದ ಆಚೆ ಬದಿಗೆ ಬದಲಾಯಿಸಿಕೊಂಡು, "ಕೈಕಾಲು ತೊಳ್ಕೊಳಿ ಅತ್ತೆ" ಎಂದಳು.

ದೊಡ್ಡಕ್ಕ ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಸರಮ್ಮ ಹೊಸ್ತಿಲಾಚೆಯೇ ನಿಂತು, "ನಿಮ್ಮತ್ತೆಗೆ ಏನೂ ಆಗಿಲ್ಲಮ್ಮ, ನಾನು ಹೇಳ್ತೀನಿ ಕೇಳು" ಎಂದು ಶುರುಮಾಡಿದಳು.