ನಾಯಿ ಹಿಡ್ಕಳೀ!

ಊರಿಗೆಲ್ಲ ಸೂಜಿ ಚುಚ್ಚುವ ನರ್ಸಮ್ಮನಿಗೆ ನಾಯಿ ಕಂಡರೆ ಕೈಕಾಲು ನಡುಗುತ್ತಿತ್ತು ಎಂದರೆ ಕಳಸದ ಕಡೆ ಈಗಲೂ ನಗುವವರಿದ್ದಾರೆ. ನಗಲಿ ಬಿಡಿ. ನಾಯಿ ಕಚ್ಚಿದವರ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚುತ್ತಿದ್ದ ಕಾಲದಲ್ಲಿ, ಒದ್ದಾಡುವವರ ಕೈಕಾಲು ಒತ್ತಿ ಹಿಡಿದವಳು ಅವಳು, ನಕ್ಕವರಲ್ಲ. ಹೆಸರು ಪ್ರೇಮಕುಮಾರಿ. ಆ ಹೆಸರು ಸಂಬಳದ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. “ಬೊಗಳೋ ನಾಯಿ ಕಚ್ಚಲ್ಲ ನರ್ಸಮ್ಮ” ಎಂದು ಯಾರಾದರೂ ಧೈರ್ಯ ಹೇಳಿದರೆ, “ಆ ಗಾದೆ ನಿಮಗೂ ಗೊತ್ತು, ನಂಗೂ ಗೊತ್ತು. ನಾಯಿಗೆ ಯಾರು ಹೇಳಿದಾರೆ ಮಾರಾಯ್ರೇ?” ಎನ್ನುತ್ತಿದ್ದಳು.

ಹೆದರಿಕೆ ಇದ್ದವಳಿಗೆ ಸಿಕ್ಕ ಕೆಲಸವಾದರೂ ಎಂಥದು! ಆರೋಗ್ಯ ಉಪಕೇಂದ್ರದ ನರ್ಸ್ ಎಂದರೆ ದಿನಕ್ಕೆ ಐದಾರು ಮೈಲಿ ನಡಿಗೆ, ಎಸ್ಟೇಟ್ ಕೂಲಿಗಳ ಲೈನುಮನೆಗಳು, ಗುಡ್ಡದ ಮೇಲಿನ ಒಂಟಿ ಮನೆಗಳು. ಹಂದಿ, ಚಿರತೆಗಳ ನಾಡಿನಲ್ಲಿ ನಾಯಿಯಿಲ್ಲದ ಮನೆಯೇ ಇಲ್ಲ. ಆದರೆ ಆ ನಾಡಿಗೆ ಒಂದು ಕ್ರಮವೂ ಇತ್ತು. ಅಂಗಳದ ಬಾಯಿಗೆ ಅಡ್ಡಲಾಗಿ ಬಿದಿರು ಗಳುಗಳ ದಣಪೆ ಇರುತ್ತದೆ. ಬಂದವರು ಅದರ ಈಚೆಗೇ ನಿಂತು “ನಾಯಿ ಹಿಡ್ಕಳೀ!” ಎಂದು ಕೂಗಬೇಕು. ಒಳಗಿನವರು ಮಾಡುತ್ತಿದ್ದ ಕೆಲಸ ಬಿಟ್ಟು ಬಂದು, ನಾಯಿಯನ್ನು ಕಟ್ಟಿ, “ಬನ್ನಿ, ಬನ್ನಿ” ಎನ್ನಬೇಕು. ಕೂಗುವುದು ಬಂದವರ ಧರ್ಮ, ಕಟ್ಟುವುದು ಮನೆಯವರ ಧರ್ಮ. ಪ್ರೇಮಕುಮಾರಿಯ ಕಿವಿಗೆ “ಬನ್ನಿ” ಎಂದರೆ ಬರಿಯ ಉಪಚಾರದ ಮಾತಲ್ಲ, ನಾಯಿ ಕಟ್ಟಿದೆ, ಇನ್ನು ಹೆದರಬೇಡ ಎಂಬ ಅಭಯ. ಇಪ್ಪತ್ತು ವರ್ಷ ಅವಳು ಆ ಒಂದು ಶಬ್ದವನ್ನು ನಂಬಿಕೊಂಡೇ ಅಂಗಳಗಳನ್ನು ದಾಟಿದ್ದಳು.

ಒಂದೇ ಒಂದು ಸಲ ಮಾತ್ರ ಅಂಗಳ ದಾಟದೆ ತಿರುಗಿದ್ದಳು. ೧೯೯೦ರ ಮಳೆಗಾಲದ ಮೊದಲ ವಾರ, ಗಾಳಿಹಕ್ಲು ಎಂಬ ಐದು ಮನೆಯ ಊರಿನಲ್ಲಿ, ತುಂಗಾ ಎಂಬವಳ ಮನೆ. ಐದು ತಿಂಗಳ ಹೆಣ್ಣುಮಗು ಪಂಚಮಿಗೆ ಪೋಲಿಯೊ ಹನಿ ಹಾಕಬೇಕಿತ್ತು. ಕೂಗಿದಳು, ಉತ್ತರವಿಲ್ಲ. ಜಗಲಿಯಲ್ಲಿ ಕರಿ ನಾಯಿಯೊಂದು ಹಲ್ಲು ಕಿರಿದು ನಿಂತಿತ್ತು, ಕೊರಳಲ್ಲಿ ಹಗ್ಗವಿಲ್ಲ. ಕಾಲು ಗಂಟೆ ಕೂಗಿ ಕೂಗಿ, ಬರುವ ವಾರ ಬಂದರಾಯಿತು ಎಂದು ಇಳಿದುಹೋದಳು. ಬರುವ ವಾರ ಹಳ್ಳ ತುಂಬಿತು. ಹಳ್ಳ ಇಳಿಯುವ ಹೊತ್ತಿಗೆ ಮಗುವಿಗೆ ಜ್ವರ ಬಂದು ಹೋಗಿ, ಎಡಗಾಲು ಸೋತುಹೋಗಿತ್ತು.

ಒಂದು ಸಲದ ಹನಿ ತಪ್ಪಿದ್ದಕ್ಕೇ ಹೀಗಾಯಿತು ಎಂದು ಹೇಳಲಾಗದು ಎಂದರು ಡಾಕ್ಟರು. ಹೇಳಲಾಗದು ಎಂದರೆ ಅಲ್ಲ ಎಂದೂ ಆಗಲಿಲ್ಲವಲ್ಲ! ತುಂಗಾ ಒಂದೇ ಒಂದು ಕಟುವಾದ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನರ್ಸಮ್ಮ ಹೋದಾಗಲೆಲ್ಲ ಬೆಲ್ಲದ ಕಾಫಿ ಕೊಟ್ಟು, ಕಣ್ಣು ತಪ್ಪಿಸಿ ಒಳಗೆ ಹೋಗಿಬಿಡುತ್ತಿದ್ದಳು.

ಹದಿಮೂರು ವರ್ಷ ಇನ್ನೊಂದು ಮಗುವಿನ ಮಾತೆತ್ತದ ತುಂಗಾ ೨೦೦೪ರ ಹೊಸ ವರ್ಷಕ್ಕೆ ಗಂಡುಮಗು ಹೆತ್ತಳು. ಮನೆಯಲ್ಲೇ ಹೆರಿಗೆ. ಆ ಚಳಿಗಾಲದ ಪೋಲಿಯೊ ಭಾನುವಾರ ಬಂದಾಗ ಮಗುವಿಗೆ ಇಪ್ಪತ್ತು ದಿನ ಕೂಡ ತುಂಬಿರಲಿಲ್ಲ. ಗುಡ್ಡದ ಮೇಲೆ ಬೂತಿಲ್ಲ, ಪೆಟ್ಟಿಗೆ ಹೊತ್ತು ಹೋಗಬೇಕು. “ನಾಳೆ ಮನೆಮನೆಗೆ ಹನಿ ಹಾಕೋ ಹುಡುಗಿಯರನ್ನ ಕಳಿಸೋಣ” ಎಂದರು ಮೇಲಿನವರು. “ಬೇರೆ ಎಲ್ಲಿಗಾದ್ರೂ ಕಳಿಸಿ. ಗಾಳಿಹಕ್ಲು ನಂದು, ಇವತ್ತೇ” ಎಂದು ಹೇಳಿ ಪ್ರೇಮಕುಮಾರಿ ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಆ ಮಗುವಿನ ಬಾಯಿಗೆ ತನ್ನ ಕೈಯಿಂದಲೇ ಎರಡು ಹನಿ ಬೀಳದೆ ಅವಳಿಗೆ ನೆಮ್ಮದಿಯಿರಲಿಲ್ಲ.

ಅಷ್ಟು ಹೊತ್ತಿಗೆ ಆ ಕಾಲುದಾರಿಯ ಗತಿಯೇ ಬದಲಾಗಿತ್ತು. ಗಾಳಿಹಕ್ಲಿನಿಂದಾಚೆ ಒಂದು ನೆತ್ತಿಯಿದೆ, ಅದನ್ನು ಹತ್ತಲು ಭಾನುವಾರ ಭಾನುವಾರ ಪೇಟೆಯ ಜನ ಬರತೊಡಗಿದ್ದರು. ಬರಲಿ, ಗುಡ್ಡವೇನು ಯಾರಪ್ಪನ ಮನೆಯದೂ ಅಲ್ಲ. ಆದರೆ ಕೆಲವರು ಸಾಕಿದ ನಾಯಿಗಳನ್ನೂ ಕರೆತಂದು, ಜೀಪಿನಿಂದ ಇಳಿಸಿದ ಕೂಡಲೇ ಬಿಟ್ಟುಬಿಡುತ್ತಿದ್ದರು. ಊರ ದನ ದಿಕ್ಕಾಪಾಲಾದರೆ, ಸೌದೆ ಹೊತ್ತವರು ಹೊರೆ ಕೆಡವಿ ಓಡಿದರೆ, ಹಿಂದಿನಿಂದ ಒಂದು ನಗುವ ದನಿ ಬರುತ್ತಿತ್ತು: “ಏನೂ ಮಾಡಲ್ಲ, ತುಂಬಾ ಫ್ರೆಂಡ್ಲಿ!” ದಣಪೆಯಿಲ್ಲದ ದಾರಿಯಲ್ಲಿ ಕೂಗುವವರು ಎಲ್ಲಿ ನಿಂತು ಕೂಗಬೇಕು?

ಪ್ರೇಮಕುಮಾರಿ ತನ್ನದೇ ಒಂದು ಉಪಾಯ ಕಂಡುಕೊಂಡಿದ್ದಳು. ದಾರಿಯ ಪ್ರತಿ ತಿರುವಿನಲ್ಲೂ ನಿಂತು ಕೂಗುವುದು. ಅವತ್ತೂ ಹಾಗೇ, ಅರ್ಧ ಗುಡ್ಡ ಹತ್ತಿದ ಮೇಲೆ, ಬಂಡೆಯ ತಿರುವಿನಲ್ಲಿ ಕೊರಳ ಗಂಟೆಯ ಕಿಣಿಕಿಣಿ ಕೇಳಿಸಿತು. ನಿಂತು, ಉಸಿರು ತುಂಬಿಕೊಂಡು, “ನಾಯಿ ಹಿಡ್ಕಳೀ!” ಎಂದು ಕೂಗಿದಳು.

ಬಂಡೆಯಾಚೆಯಿಂದ ಗಂಡಸಿನ ದನಿ ಬಂತು: “ಬನ್ನಿ! ಬನ್ನಿ! ಬನ್ನಿ!”

ಪರವಾಗಿಲ್ಲ, ಮರ್ಯಾದಸ್ಥ ಹುಡುಗ, ಒಂದಲ್ಲ ಮೂರು ಸಲ ಕರೆದ ಎಂದುಕೊಂಡು ಅವಳು ಧೈರ್ಯವಾಗಿ ತಿರುವು ದಾಟಿದಳು. ಎದುರಿಗೆ ಕರುವಿನಷ್ಟು ದೊಡ್ಡ ನಾಯಿ, ನಾಲಿಗೆ ಚಾಚಿಕೊಂಡು, ಇವಳ ಮೇಲೇ ಹಾರಿ ಬರುತ್ತಿತ್ತು. ಕಿರುಚಲೂ ಆಗಲಿಲ್ಲ. ಬಿದ್ದಳು. ಬೀಳುವಾಗ ಪೆಟ್ಟಿಗೆಯನ್ನು ಎದೆಗವಚಿಕೊಂಡಿದ್ದರಿಂದ ಕೈ ಊರಲಾಗದೆ ಬಲಗಾಲು ತಿರುಚಿಕೊಂಡಿತು. ನಾಯಿ ಕಚ್ಚಲಿಲ್ಲ, ಮುಖವನ್ನೆಲ್ಲ ನೆಕ್ಕಿತು. ಅವಳಿಗೆ ಅದೂ ಕಚ್ಚಿದಷ್ಟೇ ಆಯಿತು.

ಓಡಿಬಂದ ಯುವಕ ಕೊರಳ ಪಟ್ಟಿ ಹಿಡಿದು ನಾಯಿಯನ್ನು ಎಳೆದ. ಹೆಸರು ಅಭಿರಾಮನಂತೆ, ಜೊತೆಯವರು ಮುಂದೆ ಹೋಗಿದ್ದರಂತೆ. “ಸಾರಿ ಆಂಟಿ, ಏನೂ ಮಾಡಲ್ಲ ಅದು…”

“ಮಾಡಿ ಆಯ್ತಲ್ಲ! ಬನ್ನಿ ಬನ್ನಿ ಅಂತ ಕರ್ದು ಮೈಮೇಲೆ ನಾಯಿ ಬಿಡೋದಾ?”

“ನಾನು ನಿಮ್ಮನ್ನ ಕರೀಲಿಲ್ಲ ಆಂಟಿ. ಅದರ ಹೆಸರೇ ಬನ್ನಿ. ಇಂಗ್ಲಿಷಲ್ಲಿ ಮೊಲದ ಮರಿ ಅಂತ.”

ನೋವಿನಲ್ಲೂ ಪ್ರೇಮಕುಮಾರಿ ಬಾಯಿ ಬಿಟ್ಟು ನೋಡಿದಳು. “ಇಷ್ಟು ದೊಡ್ಡ ಪ್ರಾಣಿಗೆ ಮೊಲದ ಮರಿಯಾ? ನಾವು ದೊಡ್ಡೋರನ್ನ ಕರಿಯೋ ಶಬ್ದ ಅದು ಮಾರಾಯ. ಹಗ್ಗ ಎಲ್ಲಿ?”

“ಜೀಪಲ್ಲೇ ಬಿಟ್ಟು ಬಂದೆ.”

ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದಳು. ಮಂಜುಗಡ್ಡೆ ಗಟ್ಟಿಯಿತ್ತು, ಸೀಸೆ ಒಡೆದಿರಲಿಲ್ಲ. ಅದನ್ನು ನೋಡಿದ ಮೇಲೇ ಕಣ್ಣಲ್ಲಿ ನೀರು ಬಂತು. ಏಳಲು ಹೋದರೆ ಕಾಲು ನೆಲಕ್ಕೆ ತಾಗಿಸಲಾಗಲಿಲ್ಲ. ಅಭಿರಾಮ ಬಿಳಿಚಿಕೊಂಡು, “ಎತ್ಕೊಂಡಾದ್ರೂ ಕೆಳಗೆ ಕರ್ಕೊಂಡು ಹೋಗ್ತೀನಿ, ಆಸ್ಪತ್ರೆಗೆ ಹೋಗೋಣ” ಎಂದ.

“ಕೆಳಗಲ್ಲ. ಮೇಲೆ.”

ಚೀಲದಿಂದ ಬ್ಯಾಂಡೇಜಿನ ಸುರುಳಿ ತೆಗೆದು ಅವನ ಕೈಗೆ ಕೊಟ್ಟಳು. ಅವನು ಅವಳ ಕಾಲಿಗೆ ಸುತ್ತಲು ಕೂತ. “ನನ್ನ ಕಾಲಿಗಲ್ಲ, ಅದರ ಕೊರಳಿಗೆ!” ಎಂದಳು.

ಹೀಗೆ ಗುಡ್ಡ ಹತ್ತಿತು ಆ ಮೆರವಣಿಗೆ. ಅಭಿರಾಮನ ಒಂದು ಕೈಯಲ್ಲಿ ಬಿಳಿ ಬ್ಯಾಂಡೇಜು ಕಟ್ಟಿದ ನಾಯಿ, ಹೆಗಲ ಮೇಲೆ ಪೆಟ್ಟಿಗೆ, ಇನ್ನೊಂದು ಹೆಗಲ ಮೇಲೆ ನರ್ಸಮ್ಮನ ಕೈ. ನಾಯಿ ಒಂದು ಹೆಜ್ಜೆ ಹತ್ತಿರ ಬಂದರೆ ಅವಳು “ಹಚಾ!” ಎನ್ನುವಳು. ಮುಕ್ಕಾಲು ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ನಡುನಡುವೆ ಕೂತಾಗ, ಇಷ್ಟು ಹಟ ಯಾಕೆ ಎಂದು ಅವನು ಕೇಳಿದ. ಅವಳು ಪಂಚಮಿಯ ಕಾಲಿನ ಕತೆ ಹೇಳಿದಳು. ಅಷ್ಟು ವರ್ಷ ಯಾರಿಗೂ ಹೇಳದೆ ಇದ್ದದ್ದನ್ನು ಗುರುತು ಪರಿಚಯವಿಲ್ಲದ ಹುಡುಗನಿಗೆ ಹೇಳಿಬಿಟ್ಟಳು. ಆಮೇಲೆ ಅವನು ಬ್ಯಾಂಡೇಜನ್ನು ಮುಷ್ಟಿಗೆ ಇನ್ನೂ ಎರಡು ಸುತ್ತು ಸುತ್ತಿಕೊಂಡ.

ತುಂಗಾಳ ಮನೆಯಲ್ಲಿ ಈಗ ನಾಯಿಯಿರಲಿಲ್ಲ. ಆದರೂ ದಣಪೆಯ ಬಳಿ ಕೂಗಿಯೇ ಪ್ರೇಮಕುಮಾರಿ ಒಳಗೆ ಹೋದಳು. ತುಂಗಾ ಓಡಿಬಂದು ಜಗಲಿಯಲ್ಲಿ ಕೂರಿಸಿ, ಕಾಲಿಗೆ ಬಿಸಿನೀರು ತಂದಳು. ಪಂಚಮಿ ಕಾಲೆಳೆದುಕೊಂಡು ಬಂದು ತಮ್ಮನನ್ನು ನರ್ಸಮ್ಮನ ಮಡಿಲಿಗೆ ಹಾಕಿದಳು. ಕೆನ್ನೆ ಒತ್ತಿದರೆ ಹಕ್ಕಿಮರಿಯ ಹಾಗೆ ಬಾಯಿ ತೆರೆಯಿತು ಮಗು. ಒಂದು ಹನಿ, ಎರಡು ಹನಿ. ಪ್ರೇಮಕುಮಾರಿ ಅದರ ಕಿರುಬೆರಳಿಗೆ ಶಾಯಿಯ ಗುರುತು ಹಾಕಿದಳು.

ಅಂಗಳದಲ್ಲಿ ಪಂಚಮಿ ಆಗಲೇ ಆ ದೊಡ್ಡ ನಾಯಿಯ ಕಿವಿ ಸವರುತ್ತ ಕೂತಿದ್ದಳು. ಅಭಿರಾಮ ಸುಮ್ಮನಿರಲಾರದೆ ಕೇಳಿದ: “ಇಂಥ ಕಾಡಲ್ಲಿ ನೀವು ನಾಯಿನೇ ಸಾಕಿಲ್ವಾ?”

ತುಂಗಾ ಬಿಸಿನೀರಿನ ಬಟ್ಟೆ ಹಿಂಡುತ್ತ, ತಲೆಯೆತ್ತದೆ ಹೇಳಿದಳು: “ಇತ್ತು. ನರ್ಸಮ್ಮ ಬರೋ ದಿನ ಅಂತ ಗೊತ್ತಿದ್ದೂ ಕಟ್ಟದೆ ತೋಟಕ್ಕೆ ಹೋದೆ ನಾನು. ಅವ್ರು ಕೂಗಿ ಕೂಗಿ ವಾಪಸ್ ಹೋದ್ರಂತೆ. ಕೂಸಿನ ಕಾಲು ಹೋದ ಮೇಲೆ ನಾಯಿನ ತವರಿಗೆ ಕಳಿಸ್ಬಿಟ್ಟೆ. ಮತ್ತೆ ಸಾಕ್ಲಿಲ್ಲ. ಅವ್ರು ಕೂಗಿದ್ರು, ಕಟ್ಬೇಕಾದವ್ಳು ನಾನಲ್ವಾ? ಯಾವ ಮುಖ ಇಟ್ಕಂಡು ಅವ್ರ ಹತ್ರ ಮಾತಾಡ್ಲಿ?”

ತಾನು ಹೊತ್ತ ಹೊರೆಯನ್ನೇ ಈ ಹೆಂಗಸೂ ಇಷ್ಟು ವರ್ಷ ಹೊತ್ತಿದ್ದಾಳೆ. ತನ್ನ ಮೇಲಿನ ಸಿಟ್ಟಿಗೆ ಕಣ್ಣು ತಪ್ಪಿಸುತ್ತಾಳೆ ಎಂದುಕೊಂಡರೆ, ಅದು ನಾಚಿಕೆಯಾಗಿತ್ತು. ಮಗುವನ್ನು ಒಂದು ಕೈಯಲ್ಲಿ ಅವಚಿಕೊಂಡೇ ಇನ್ನೊಂದು ಕೈಯಿಂದ ತುಂಗಾಳ ಒದ್ದೆ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು. ಅಭಿರಾಮ ಬೇರೆ ಕಡೆ ಮುಖ ತಿರುಗಿಸಿ ನಿಂತ.

ಅಳು ನಿಂತ ಮೇಲೆ ಪ್ರೇಮಕುಮಾರಿ ಮೂಗೊರೆಸಿಕೊಂಡು ಅಂಗಳದತ್ತ ನೋಡಿದಳು. ಪಂಚಮಿಯ ಸೋತ ಕಾಲಿನ ಮೇಲೆ ನಾಯಿ ತಲೆಯಿಟ್ಟು ಮಲಗಿತ್ತು.

“ಒಂದು ಮರಿ ತಂದು ಸಾಕು ತುಂಗಾ.”

“ನಿಮಗೆ ಹೆದರಿಕೆ ಅಲ್ವಾ ನರ್ಸಮ್ಮ?”

“ಹೆದರಿಕೆ ಇದ್ದೇ ಇದೆ. ನಾನು ಕೂಗ್ತೀನಿ ಮಾರಾಯ್ತಿ, ನೀನು ಹಿಡ್ಕ.”