ಕಿರಾತಕಡ್ಡಿಯ ಎರಡು ಸಾಲು

ಕಂಕನಾಡಿಯ ಒಳ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಮಟಿಲ್ಡಾ ಬಾಯಿ ಗೆರಸೆ ಹಿಡಿದು ಅಂಗಳದಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಂದೆ ಜ್ವರದ ಕಷಾಯಕ್ಕೆ ಬೆಳೆಸಿದ ಕಹಿ ಗಿಡ, ಕಿರಾತಕಡ್ಡಿಯ ಎರಡು ಸಾಲು. ಗಿಡದ ತುದಿಯಲ್ಲಿ ನೇರಳೆ ಚುಕ್ಕೆಯ ಪುಟ್ಟ ಬಿಳಿ ಹೂ, ಕೆಳಗೆ ಒಣಗಿದ ಕಾಯಿ. ಇಬ್ಬನಿ ಆರುವುದರೊಳಗೆ ಬಿಡಿಸಬೇಕು. ಬಿಸಿಲು ತಾಗಿದರೆ ಕಾಯಿ ಪಟ್ಟನೆ ಸಿಡಿದು ಬೀಜ ಹಾರಿಹೋಗುತ್ತದೆ.

ಇವತ್ತು ಬೆರಳಿಗೆ ಸಿಟ್ಟೂ ಸೇರಿದೆ. ಜಾಗದ ಧಣಿ ನಿತ್ಯಾನಂದರು ಒಂಬತ್ತಕ್ಕೆ ಅಂಗಳ ಬೋಳಿಸಿ ಜಲ್ಲಿ ಹಾಸಿಸುತ್ತಾರಂತೆ. ಭಾನುವಾರ ಮಗಳ ನಿಶ್ಚಿತಾರ್ಥ, ಬೀಗರ ಕಾರು ನಿಲ್ಲಬೇಕು.

"ನಾನು ಕೇಳಿದ್ದು ಎಂಟು ದಿನ, ಎಂಟು ತಿಂಗಳಲ್ಲ! ಮೇಲಿನ ಕಾಯಿ ಇನ್ನೂ ಹಸಿ ಉಂಟು. ಬೀಜ ಹೋದರೆ ಬರುವ ಮಳೆಗೆ ಎಂತ ಬಿತ್ತುದು?" ಎಂದು ತಮ್ಮಷ್ಟಕ್ಕೇ ಗೊಣಗುತ್ತಾರೆ.

ಹೊಲಿಗೆ ಮಾಡಿ ಬದುಕುವ ಈ ವಿಧವೆಗೆ ಐವತ್ತನಾಲ್ಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಜ್ವರದ ಮಾತ್ರೆ ಸಿಗದಿದ್ದಾಗ ಅತ್ತೆ ಕೊಟ್ಟ ಚಿಟಿಕೆ ಬೀಜದಿಂದ ಶುರುವಾದ ಬಿತ್ತನೆ ಹದಿನೇಳು ವರ್ಷಗಳಿಂದ ನಿಂತಿಲ್ಲ. ವರ್ಷಕ್ಕೆ ಮುನ್ನೂರು ಗಿಡ. ಮಳೆ ನಿಂತರೆ ದಿನಕ್ಕೆ ಮೂವತ್ತು ಕೊಡ ಬಾವಿ ನೀರು. ಹೂ ಬಂದಾಗ ಕೊಯ್ದು ಒಣಗಿಸುತ್ತಾರೆ, ಎರಡು ಸಾಲು ಬೀಜಕ್ಕೆ ಬಿಡುತ್ತಾರೆ. ನಲವತ್ತು ಮನೆಯವರು ಪುಕ್ಕಟೆ ಒಯ್ಯುತ್ತಾರೆ, ಜೊತೆಗೆ ಬೈಗುಳವನ್ನೂ: "ಮೂರು ದಿನಕ್ಕೆ ಜ್ವರ ಬಿಡದಿದ್ದರೆ ಆಸ್ಪತ್ರೆಗೆ ಹೋಗು ಮಾರಾಯ, ನಾನು ಡಾಕ್ಟರಾ?"

ಆ ನಲವತ್ತರಲ್ಲಿ ಒಬ್ಬನಾದರೂ ಧಣಿಯ ಮುಂದೆ ನಿಂತನೇ? ಎಲ್ಲರೂ ಬಾಡಿಗೆಯವರು, ಎಲ್ಲರ ನಾಲಗೆಯೂ ಒಳಗೆ. ಕಷಾಯ ಕುಡಿಯಲು ಮಾತ್ರ ಅದು ಹೊರಗೆ ಬರುತ್ತದೆ.

ಒಂಬತ್ತಕ್ಕೆ ಕೂಲಿಯಾಳು ಉಮಾವತಿ ಕತ್ತಿ ಹಿಡಿದು ಬರುತ್ತಾಳೆ, ಹಿಂದೆ ಗರಿಗರಿ ಪಂಚೆಯ ಧಣಿ. ಗಿಡ ನೋಡಿದ್ದೇ ಉಮಾವತಿ ನಿಂತುಬಿಡುತ್ತಾಳೆ.

"ಇದನ್ನಾ? ನನ್ನಿಂದ ಆಗುದಿಲ್ಲ ಧಣಿ. ನನ್ನ ಮಗಳು ಜ್ವರಕ್ಕೆ ಕುಡಿದದ್ದು ಇದೇ."

"ಹುಲ್ಲು ಕಡಿಲಿಕ್ಕೂ ನಿನ್ನ ಅಪ್ಪಣೆ ಬೇಕಾ?" ಧಣಿ ಕತ್ತಿ ಕಸಿದುಕೊಂಡು ತಾವೇ ಬೀಸುತ್ತಾರೆ. ಅಭ್ಯಾಸವಿಲ್ಲದ ಕೈ, ಒಂದೇಟು ಗಿಡಕ್ಕೆ, ಒಂದೇಟು ಕಲ್ಲಿಗೆ.

"ಬೀಗರಿಗೆ ನೀವು ಕತ್ತಿ ಬೀಸುದನ್ನೂ ತೋರಿಸಿ ಧಣಿ, ಚೆಂದ ಉಂಟು," ಎನ್ನುತ್ತಾರೆ ಮಟಿಲ್ಡಾ ಬಾಯಿ. ಧಣಿಯ ಮುಖ ಕೆಂಪಾಗುತ್ತದೆ, ಕೈ ನಿಲ್ಲುವುದಿಲ್ಲ. ಎರಡೂ ಸಾಲು ಮುಗಿಸಿ, ಜಲ್ಲಿ ತರಿಸಲು ಹೋಗುತ್ತಾರೆ.

ಉಮಾವತಿ ಸೆರಗು ಹಾಸುತ್ತಾಳೆ. ಇಬ್ಬರೂ ಕಡಿದ ಗಿಡಗಳನ್ನು ಒಂದೊಂದಾಗಿ ಕೊಡವಿ, ಬಲಿತ ಕಾಯಿ ಆರಿಸುತ್ತಾರೆ. ಬೆಳಗಿನದೂ ಸೇರಿ ಸಿಕ್ಕಿದ್ದು ಒಂದು ಹಿಡಿ. ಮಟಿಲ್ಡಾ ಬಾಯಿ ಅರ್ಧವನ್ನು ಉಮಾವತಿಯ ಸೆರಗಿಗೇ ಕಟ್ಟುತ್ತಾರೆ: "ಕಾವೂರಿನಲ್ಲಿ ನಿನಗೆ ಅಂಗಳ ಉಂಟಲ್ಲ, ಬಿತ್ತು." ಉಳಿದರ್ಧ ಒಡೆದ ಮಡಕೆಗಳಲ್ಲಾದರೂ ಏಳಲಿ ಎಂಬುದು ಅವರ ಆಸೆ.

"ಮಳೆಗಾಲದಲ್ಲಿ ಧಣಿಗಳ ಅಮ್ಮನಿಗೆ ಜ್ವರ ಬಂದರೆ ಪುನಃ ಕಡ್ಡಿಗೆ ಆಳನ್ನು ಇಲ್ಲಿಗೇ ಕಳಿಸ್ತಾರೆ, ನೋಡಿ. ಕೊಡ್ತೀರಾ ಬಾಯಿ?"

"ಕೊಡದೆ? ಮುದುಕಿ ಎಂತ ತಪ್ಪು ಮಾಡಿದ್ದಾರೆ? ಆದರೆ ಆಳಿನ ಕೈಯಲ್ಲಿ ಕೊಡುದಿಲ್ಲ. ಧಣಿಗಳೇ ಬರಬೇಕು. ಈ ಬಾಗಿಲಲ್ಲಿ ನಿಂತು ಕೇಳಬೇಕು."